ಪಾರ್ಕಿಗೂ ಒಂದು ಕೆಲಸ ಕೊಡಿ

ಬೆಳಗ್ಗೆ ಹತ್ತು ಗಂಟೆಗೆ ನಮ್ಮ ಏರಿಯಾದ ಪಾರ್ಕಿನಲ್ಲಿ ಸೀಟಿ ಕೇಳಿಸುತ್ತದೆ. ವಾಕಿಂಗ್‌ಗೆ ಬಂದವರು ಅಷ್ಟೊತ್ತಿಗಾಗಲೇ ಮನೆ ಸೇರಿರುತ್ತಾರೆ. ಉಳಿಯುವವರು ನಾವು ನಾಲ್ಕೈದು ಜನ. ನೋಟ್ಸ್ ಹಿಡಿದ ಹುಡುಗ ಹುಡುಗಿಯರು, ಹೆಲ್ಮೆಟ್ ಪಕ್ಕಕ್ಕಿಟ್ಟು ತಿಂಡಿ ತಿನ್ನುವ ಡೆಲಿವರಿ ಹುಡುಗ, ಒಂದು ಮನೆಯ ಕೆಲಸ ಮುಗಿಸಿ ಇನ್ನೊಂದು ಮನೆಗೆ ಹೋಗುವ ಮುಂಚೆ ಕಾಲು ಚಾಚಿ ಕೂತ ಅಕ್ಕ. ‘ಟೈಮಾಯ್ತು, ಏಳ್ರಮ್ಮ’ ಎನ್ನುತ್ತಾರೆ ವಾಚ್‌ಮನ್ ಅಂಕಲ್. ಗೇಟಿಗೆ ಬೀಗ. ಮತ್ತೆ ತೆರೆಯುವುದು ಸಂಜೆ ನಾಲ್ಕಕ್ಕೆ.

ನಾನು ಮಧುಗಿರಿ ತಾಲ್ಲೂಕಿನ ಹಳ್ಳಿಯವಳು. ತೋಟಗಾರಿಕೆಯಲ್ಲಿ ಬಿ.ಎಸ್ಸಿ. ಮುಗಿಸಿ, ಬೆಂಗಳೂರಿನ ವಿಜಯನಗರದ ಕಡೆ ಪಿ.ಜಿ.ಯಲ್ಲಿದ್ದುಕೊಂಡು ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದೇನೆ. ನಾಲ್ಕು ಜನರ ರೂಮು, ಮೇಲೆ ಶೀಟು. ಏಪ್ರಿಲ್‌ನಲ್ಲಿ ಮಧ್ಯಾಹ್ನ ಆ ರೂಮಿನಲ್ಲಿ ಕೂತು ಓದುವುದೆಂದರೆ ಇಡ್ಲಿ ಪಾತ್ರೆಯೊಳಗೆ ಕೂತಂತೆ. ನೆರಳು ಬೇಕಾದ ಹೊತ್ತಿಗೆ ನೆರಳಿನ ಜಾಗಕ್ಕೆ ಬೀಗ ಬಿದ್ದಿರುತ್ತದೆ.

ಒಂದು ಮಧ್ಯಾಹ್ನ ಗೇಟಿನ ಎದುರಿನ ಅಂಗಡಿ ಸೂರಿನಡಿ ನಿಂತಿದ್ದೆ. ಪಾರ್ಕಿನೊಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ನಡುವೆ ಹಸಿರು ಲಾನ್, ಅದರ ಮೇಲೆ ಸ್ಪ್ರಿಂಕ್ಲರ್ ತಿರುಗುತ್ತಿತ್ತು. ನೆತ್ತಿ ಸುಡುವ ಬಿಸಿಲಲ್ಲಿ, ಯಾರೂ ಕಾಲಿಡಬಾರದ ಹುಲ್ಲಿನ ಮೇಲೆ ನೀರು ಸುರಿಯುತ್ತಿತ್ತು. ಆವತ್ತು ನಮ್ಮ ಪಿ.ಜಿ.ಯಲ್ಲಿ ನೀರು ಬಂದಿರಲಿಲ್ಲ. ಟ್ಯಾಂಕರ್‌ಗೆ ಕಾಯುತ್ತಿದ್ದೆವು.

ಅದೇ ಹೊತ್ತಿಗೆ ಆರ್ಕಿಟೆಕ್ಚರ್ ಓದುವ ಗೆಳತಿ ಫೋನಿಗೆ ಒಂದು ಚಿತ್ರ ಕಳಿಸಿದಳು. ಗಾಜಿನ ಗೋಪುರಗಳ ಮೈತುಂಬ ಬಳ್ಳಿ, ಸೂರಿನ ಮೇಲೆ ಸೌರಫಲಕ, ಕೆಳಗೆ ತಿಳಿನೀರಿನ ಕಾಲುವೆ, ಮರದಡಿ ನಗುತ್ತಾ ಕೂತ ಜನ. ‘ಇದು ಸೋಲಾರ್‌ಪಂಕ್ ಕಣೇ, ನಾಳಿನ ಪಾರ್ಕ್ ಹೀಗಿರುತ್ತೆ’ ಎಂದು ಬರೆದಿದ್ದಳು. ಬೀಗ ಹಾಕಿದ ಗೇಟಿನ ಎದುರು ನಿಂತು ನೋಡಿದ್ದರಿಂದಲೋ ಏನೋ, ಆ ಚಿತ್ರ ತಲೆಯಿಂದ ಹೋಗಲೇ ಇಲ್ಲ. ಅದರ ಬಗ್ಗೆ ಹುಡುಕಿ ಓದಿದೆ. ಓದಿದ ಮೇಲೆ ಹುಟ್ಟಿದ ಅಭಿಪ್ರಾಯ ಇದು.

ಹಸಿರು ಬಣ್ಣವಲ್ಲ, ಹಸಿರು ಕೆಲಸ

ಸೋಲಾರ್‌ಪಂಕ್ ಮೊದಲು ಸಾಹಿತ್ಯದ ಮಾತು. ವಿಜ್ಞಾನ ಕಥೆಗಳಲ್ಲಿ ನಾಳಿನ ನಗರವೆಂದರೆ ಬಹುಮಟ್ಟಿಗೆ ಕತ್ತಲೆ, ಹೊಗೆ, ಆಮ್ಲಮಳೆ, ಜನರನ್ನು ಆಳುವ ದೊಡ್ಡ ಕಂಪನಿಗಳು. ಆ ಬಗೆಯನ್ನು ಸೈಬರ್‌ಪಂಕ್ ಎನ್ನುತ್ತಾರೆ. ಇದಕ್ಕೆ ಎದುರಾಗಿ, ‘ನಾಳೆ ಚೆನ್ನಾಗಿಯೂ ಇರಬಹುದು, ಹೇಗೆ ಎಂದು ಯೋಚಿಸೋಣ’ ಎಂದು ಹೊರಟವರು ಕಟ್ಟಿಕೊಂಡ ಹೆಸರು ಸೋಲಾರ್‌ಪಂಕ್. 2012ರಲ್ಲಿ ಬ್ರೆಜಿಲ್‌ನಲ್ಲಿ ಇದೇ ಹೆಸರಿನ ಕಥಾಸಂಕಲನ ಪೋರ್ಚುಗೀಸ್ ಭಾಷೆಯಲ್ಲಿ ಬಂತು. ಆಮೇಲೆ ಅದು ಕಥೆ ದಾಟಿ ಚಿತ್ರಕ್ಕೆ, ಚಿತ್ರ ದಾಟಿ ಕಟ್ಟಡ ಮತ್ತು ಉದ್ಯಾನ ವಿನ್ಯಾಸದ ಚರ್ಚೆಗೆ ಬಂತು.

ಹೆಸರಿನಲ್ಲಿ ಎರಡು ತುಂಡುಗಳಿವೆ. ‘ಸೋಲಾರ್’ ಎಲ್ಲರಿಗೂ ಇಷ್ಟ. ಟೆಂಡರ್ ಕರೆಯಬಹುದು, ಉದ್ಘಾಟನೆ ಮಾಡಬಹುದು. ‘ಪಂಕ್’ ಎಂದರೆ ತಲೆಬಾಗದೆ ಪ್ರಶ್ನೆ ಕೇಳುವ ಗುಣ. ಈ ನೀರು ಎಲ್ಲಿಂದ ಬಂತು? ಈ ಗೇಟಿನ ಬೀಗದ ಕೈ ಯಾರ ಹತ್ತಿರ ಇದೆ? ಗಿಡ ನೆಟ್ಟವರಿಗೆ ಸಂಬಳ ಎಷ್ಟು? ನಮ್ಮಲ್ಲಿ ಮೊದಲ ತುಂಡನ್ನು ಮಾತ್ರ ಕತ್ತರಿಸಿ ಇಟ್ಟುಕೊಳ್ಳುವ ಅಪಾಯವಿದೆ.

ಇದನ್ನು ಹೊರಗಿನವಳಾಗಿ ಹೇಳುತ್ತಿಲ್ಲ. ಡಿಗ್ರಿ ಮುಗಿದ ಮೇಲೆ ಎಂಟು ತಿಂಗಳು ಒಬ್ಬ ಲ್ಯಾಂಡ್‌ಸ್ಕೇಪ್ ಕಾಂಟ್ರಾಕ್ಟರ್ ಹತ್ತಿರ ಸೈಟ್ ಸೂಪರ್‌ವೈಸರ್ ಆಗಿದ್ದೆ. ನಾವು ಮಾಡುತ್ತಿದ್ದ ಕೆಲಸದ ಪಟ್ಟಿ ಬಾಯಿಪಾಠವಾಗಿತ್ತು. ಇದ್ದ ಮಣ್ಣನ್ನು ತೆಗೆದು ಲಾರಿಯಲ್ಲಿ ಕೆಂಪು ಮಣ್ಣು ತರಿಸು. ಚಾಪೆಯಂತೆ ಸುತ್ತಿ ಬಂದ ಮೆಕ್ಸಿಕನ್ ಹುಲ್ಲನ್ನು ಹಾಸು. ಅಂಚಿಗೆ ಡುರಾಂಟ, ಮೂಲೆಗೆ ಫಾಕ್ಸ್‌ಟೇಲ್ ಪಾಮ್, ಉಳಿದ ನೆಲಕ್ಕೆಲ್ಲ ಪೇವರ್ ಬ್ಲಾಕ್. ಬಿಲ್ ಪಾಸಾಗುವವರೆಗೆ ಎಲ್ಲವೂ ಹಸಿರಾಗಿರಬೇಕು, ಅಷ್ಟೇ. ಒಂದು ಸೈಟಿನಲ್ಲಿ ದೊಡ್ಡ ಹೊಂಗೆ ಮರದ ಬುಡದ ತನಕ ಕಾಂಕ್ರೀಟ್ ಹಾಕಿಸುತ್ತಿದ್ದರು. ‘ಸರ್, ಬೇರಿಗೆ ನೀರು ಇಳಿಯಲ್ಲ’ ಅಂದೆ. ‘ಎಲೆ ಉದುರಿಸೋ ಮರ ಅದು, ಒಣಗಿದ್ರೆ ಒಣಗ್ಲಿ ಬಿಡಮ್ಮ’ ಎಂದರು. ನಾಲ್ಕು ವರ್ಷ ಮಣ್ಣಿನ ಪಾಠ ಓದಿದವಳು ಮಣ್ಣು ಮುಚ್ಚುವ ಕೆಲಸಕ್ಕೆ ಸಹಿ ಹಾಕುತ್ತಿದ್ದೆ. ಕೆಲಸ ಬಿಟ್ಟೆ ಎಂದು ಹೇಳಿಕೊಳ್ಳಲು ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ, ಆ ಕಾಂಟ್ರಾಕ್ಟ್ ಮುಗಿದಾಗ ಅವರೇ ಬಿಡಿಸಿದರು.

ಬೇಸಿಗೆಯಲ್ಲಿ ಒಂದು ಚದರ ಮೀಟರ್ ಲಾನ್‌ಗೆ ದಿನಕ್ಕೆ ನಾಲ್ಕೈದು ಲೀಟರ್ ನೀರು ಬೇಕು. ಒಂದು ಎಕರೆಗೆ ಲೆಕ್ಕ ಹಾಕಿದರೆ ದಿನಕ್ಕೆ 16 ಸಾವಿರದಿಂದ 20 ಸಾವಿರ ಲೀಟರ್. ಜಿಟಿಜಿಟಿ ಮಳೆಯ ಇಂಗ್ಲೆಂಡಿನಲ್ಲಿ ಅದು ಸಲೀಸಾಗಿ ಬೆಳೆಯುತ್ತದೆ. ಬೆಂಗಳೂರಿನಲ್ಲಿ ಅದನ್ನು ಸಾಕಬೇಕು. ಅಷ್ಟು ನೀರು ಕುಡಿದು ಅದು ಕೊಡುವುದಾದರೂ ಏನು? ನೆರಳಿಲ್ಲ, ಹಣ್ಣಿಲ್ಲ, ಜೇನಿಗೆ ಹೂವಿಲ್ಲ, ನಮಗೆ ಕೂರಲು ಅನುಮತಿಯೂ ಇಲ್ಲ. ಸೋಲಾರ್‌ಪಂಕ್ ನನಗೆ ಕಲಿಸಿದ್ದು ಇಷ್ಟು: ಪಾರ್ಕ್ ಅಂದರೆ ಊರಿನ ಮುಖಕ್ಕೆ ಬಳಿದ ಪೌಡರ್ ಅಲ್ಲ. ಊರಿನ ಕೆಲಸದಲ್ಲಿ ಪಾಲು ಹೊರುವ ಅಂಗ. ಕೆಲಸ ಹುಡುಕುತ್ತಿರುವವಳ ಬಾಯಲ್ಲಿ ಈ ಮಾತು ತಮಾಷೆ ಅನ್ನಿಸಬಹುದು, ಆದರೂ ಹೇಳುತ್ತೇನೆ. ನಮ್ಮ ಪಾರ್ಕುಗಳಿಗೂ ಕೆಲಸ ಕೊಡಿ.

ಸಿಂಗಪುರದ ಎರಡು ಪಾರ್ಕುಗಳು

ಸೋಲಾರ್‌ಪಂಕ್ ಎಂದು ಹುಡುಕಿದರೆ ಮತ್ತೆ ಮತ್ತೆ ಸಿಗುವ ಫೋಟೊ ಸಿಂಗಪುರದ ‘ಗಾರ್ಡನ್ಸ್ ಬೈ ದ ಬೇ’. 2012ರಲ್ಲಿ ತೆರೆದ ಈ ಉದ್ಯಾನದಲ್ಲಿ 18 ‘ಸೂಪರ್‌ಟ್ರೀ’ಗಳಿವೆ. ಉಕ್ಕು, ಕಾಂಕ್ರೀಟಿನಲ್ಲಿ ಕಟ್ಟಿ ಮೈಗೆಲ್ಲ ಗಿಡ ಹಬ್ಬಿಸಿದ, 25ರಿಂದ 50 ಮೀಟರ್ ಎತ್ತರದ ಮರಗಳು. ಕೆಲವುಗಳ ತಲೆಯ ಮೇಲೆ ಸೌರಫಲಕಗಳಿವೆ. ನೋಡಲು ಬೆರಗು, ಒಪ್ಪುತ್ತೇನೆ. ಆದರೆ ಅದನ್ನು ನಕಲು ಮಾಡಲು ಹೊರಟರೆ ನಮ್ಮ ಕೈಯಲ್ಲಿ ಉಳಿಯುವುದು ಸಿಮೆಂಟ್ ಮರ ಮತ್ತು ಕರೆಂಟ್ ಬಿಲ್.

ಅದೇ ಸಿಂಗಪುರದಲ್ಲಿ ಅದೇ 2012ರಲ್ಲಿ ಹೊಸ ರೂಪದಲ್ಲಿ ತೆರೆದ ಇನ್ನೊಂದು ಪಾರ್ಕಿದೆ. ಹೆಸರು ಬಿಶಾನ್–ಆಂಗ್ ಮೋ ಕಿಯೊ. ಅಲ್ಲಿ ಕಲಾಂಗ್ ನದಿಯನ್ನು ಹಿಂದೆ 2.7 ಕಿ.ಮೀ. ಉದ್ದದ ನೆಟ್ಟನೆಯ ಕಾಂಕ್ರೀಟ್ ಕಾಲುವೆ ಮಾಡಿಬಿಟ್ಟಿದ್ದರು, ನಮ್ಮ ರಾಜಕಾಲುವೆಗಳ ಹಾಗೆ. ಆ ಕಾಂಕ್ರೀಟನ್ನು ಒಡೆದರು. ನದಿಗೆ ಅಂಕುಡೊಂಕು ವಾಪಸ್ ಕೊಟ್ಟರು. ದಡ ಕುಸಿಯದಂತೆ ಕಲ್ಲು, ಗಿಡ, ಬೇರುಗಳಿಂದಲೇ ಹಿಡಿದು ನಿಲ್ಲಿಸಿದರು. ಈಗ ಅದು ಸುಮಾರು 3 ಕಿ.ಮೀ. ಉದ್ದದ ನದಿ. ಮಳೆ ಇಲ್ಲದಾಗ ಮಕ್ಕಳು ದಡದ ಹುಲ್ಲಿನ ಮೇಲೆ ಆಡುತ್ತಾರೆ. ಜೋರು ಮಳೆ ಬಂದರೆ ಅದೇ ಹುಲ್ಲುಗಾವಲು ಪ್ರವಾಹದ ನೀರಿಗೆ ಜಾಗ ಬಿಡುತ್ತದೆ. ಜನ ಮೇಲೆ ಬರಲು ಎಚ್ಚರಿಕೆಯ ಸದ್ದು ಕೇಳಿಸುತ್ತದೆ.

ಫೋಟೊದಲ್ಲಿ ಈ ಎರಡನೆಯ ಪಾರ್ಕ್ ಸಾಧಾರಣವಾಗಿ ಕಾಣುತ್ತದೆ. ಹೊಳೆ, ಹುಲ್ಲು, ಮರ, ಅಷ್ಟೇ. ಆದರೆ ನನ್ನ ಲೆಕ್ಕದಲ್ಲಿ ಸೋಲಾರ್‌ಪಂಕ್ ಇದೇ. ಮೊದಲನೆಯದು ನೋಡುವ ಪಾರ್ಕ್, ಎರಡನೆಯದು ದುಡಿಯುವ ಪಾರ್ಕ್.

ನಮ್ಮ ಕಡೆ ‘ಸೋಲಾರ್ ಪಾರ್ಕ್’ ಅಂದರೆ

ನಮ್ಮ ತುಮಕೂರು ಜಿಲ್ಲೆಯಲ್ಲಿ ಸೋಲಾರ್ ಪಾರ್ಕ್ ಅಂದರೆ ಎಲ್ಲರಿಗೂ ನೆನಪಾಗುವುದು ಪಾವಗಡ. ಚಿಕ್ಕಮ್ಮನ ಊರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದೇನೆ. ಸುಮಾರು 13 ಸಾವಿರ ಎಕರೆಯಲ್ಲಿ, ದಿಗಂತದವರೆಗೂ ನೀಲಿ ಫಲಕಗಳು. 2,050 ಮೆಗಾವಾಟ್ ಸಾಮರ್ಥ್ಯ. ಬರದ ಸೀಮೆಯಲ್ಲಿ ರೈತರಿಂದ ಜಮೀನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿಯಿಂದ ಆರಂಭಿಸಿ ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಗುತ್ತಿಗೆಗೆ ಪಡೆದರು. ಮಳೆ ಕೈಕೊಟ್ಟರೂ ತಪ್ಪದ ಆ ಹಣ ಸಣ್ಣ ಮಾತಲ್ಲ. ಆದರೆ ಗುತ್ತಿಗೆ ಹಣ ಬರುವುದು ಪಹಣಿಯಲ್ಲಿ ಹೆಸರಿರುವವರಿಗೆ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ ಕೂಲಿಯವರಿಗೆ, ಬೀಳು ನೆಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಪಹಣಿಯೇ ಇರುವುದಿಲ್ಲ.

ಪಾರ್ಕಿನ ಮಾತಿನ ನಡುವೆ ಇದನ್ನೇಕೆ ತಂದೆ ಎಂದರೆ, ನಗರದ ‘ಹಸಿರು’ ಎಲ್ಲೋ ಒಂದು ಕಡೆ ಯಾರದೋ ನೆಲದ ಮೇಲೆ ನಿಂತಿರುತ್ತದೆ. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತಗ್ಗಿನಿಂದ ಎತ್ತರಕ್ಕೆ ಕರೆಂಟ್ ಸುರಿದು ಪಂಪ್ ಮಾಡಿದ ನೀರು. ಆ ನೀರಿನಲ್ಲಿ ಬೆಳೆದ ಲಾನ್ ಮೇಲೆ ಒಂದು ಸೋಲಾರ್ ದೀಪ ನೆಟ್ಟರೆ ಪಾರ್ಕ್ ಪರಿಸರಸ್ನೇಹಿ ಆಗುವುದಿಲ್ಲ. ಅಂದಹಾಗೆ ನಮ್ಮ ಏರಿಯಾದ ಪಾರ್ಕಿನಲ್ಲೂ ಅಂಥ ದೀಪಗಳಿವೆ. ಮರ ಬೆಳೆದು ಪ್ಯಾನೆಲ್ ನೆರಳಿಗೆ ಬಿದ್ದಿದೆ, ಬ್ಯಾಟರಿ ಸತ್ತಿದೆ, ಕಂಬ ಮಾತ್ರ ನೆಟ್ಟಗೆ ನಿಂತಿದೆ.

ಒಂದು ಎಕರೆ, 600 ಟ್ಯಾಂಕರ್

ಹಾಗಾದರೆ ಪಾರ್ಕ್ ಮಾಡಬೇಕಾದ ಮೊದಲ ಕೆಲಸ ಯಾವುದು? ನನ್ನ ಮಟ್ಟಿಗೆ, ಮಳೆಯನ್ನು ಹಿಡಿಯುವುದು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 900 ಮಿ.ಮೀ. ಮಳೆ ಬೀಳುತ್ತದೆ ಎಂದಿಟ್ಟುಕೊಳ್ಳಿ. ಒಂದು ಎಕರೆ ಎಂದರೆ 4,047 ಚದರ ಮೀಟರ್. ಗುಣಿಸಿದರೆ ವರ್ಷಕ್ಕೆ ಸುಮಾರು 36 ಲಕ್ಷ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 600 ಟ್ಯಾಂಕರ್ ನೀರು, ಒಂದೇ ಎಕರೆಯ ಮೇಲೆ, ಪುಕ್ಕಟೆ. ಅಷ್ಟೂ ಇಂಗುವುದಿಲ್ಲ, ಒಂದಿಷ್ಟು ಆವಿಯಾಗುತ್ತದೆ. ಅರ್ಧ ಇಂಗಿದರೂ ಎಷ್ಟಾಯಿತು ನೋಡಿ. ಪೇವರ್ ಬ್ಲಾಕ್ ಹಾಸಿದ ಪಾರ್ಕ್ ಈ ನೀರನ್ನು ಸೀದಾ ಮೋರಿಗೆ ಕಳಿಸುತ್ತದೆ. 2022ರ ಸೆಪ್ಟೆಂಬರಿನಲ್ಲಿ ಐ.ಟಿ. ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದರು. 2024ರ ಮಾರ್ಚ್‌ನಲ್ಲಿ ಇದೇ ಊರಿನಲ್ಲಿ ಜಲಮಂಡಳಿ, ಕುಡಿಯುವ ನೀರನ್ನು ಗಿಡಗಳಿಗೆ ಹಾಕಿದರೆ, ವಾಹನ ತೊಳೆದರೆ ₹5,000 ದಂಡ ಎಂದಿತು. ಮುಳುಗುವುದೂ ಬತ್ತುವುದೂ ಬೇರೆ ಬೇರೆ ರೋಗಗಳಲ್ಲ. ನೀರು ಇಂಗಲು ನಾವು ನೆಲವನ್ನೇ ಬಿಟ್ಟಿಲ್ಲ.

ಪಾರ್ಕಿನ ನಡುಭಾಗವನ್ನು ಲಾನ್‌ಗಾಗಿ ಎತ್ತರಿಸುವ ಬದಲು ಒಂದೂವರೆ ಅಡಿ ತಗ್ಗಿಸಿ, ಲಾವಂಚ, ಜೊಂಡು, ಕೆಸುವಿನಂಥ ಗಿಡ ಹಾಕಿ, ಪಕ್ಕದಲ್ಲಿ ನಾಲ್ಕು ಇಂಗುಬಾವಿ ತೋಡಿಸಿದರೆ ಸಾಕು. ಸುತ್ತಲಿನ ರಸ್ತೆಯ ನೀರನ್ನೂ ಸೋಸಿ ಒಳಗೆ ಬಿಟ್ಟುಕೊಳ್ಳಬಹುದು. ಇದಕ್ಕೆ ಹೊರದೇಶದ ತಜ್ಞರು ಬೇಕಿಲ್ಲ. ಕಬ್ಬನ್ ಪಾರ್ಕಿನಲ್ಲಿ ಹೂತುಹೋಗಿದ್ದ ಹಳೆಯ ತೆರೆದ ಬಾವಿಗಳಿಗೆ ಮತ್ತೆ ಜೀವ ಬಂದದ್ದು ತಲೆಮಾರುಗಳಿಂದ ಬಾವಿ ತೋಡುತ್ತ ಬಂದ ಮಣ್ಣು ಒಡ್ಡರ ಕೈಯಿಂದ. ಬೆಂಗಳೂರಿಗೆ ಹತ್ತು ಲಕ್ಷ ಇಂಗುಬಾವಿ ಬೇಕೆಂಬ ಅಭಿಯಾನ ನಿಂತಿರುವುದೂ ಅವರ ಕಸುಬಿನ ಮೇಲೆ. ಯಾವ ಪದರದಲ್ಲಿ ನೀರಿದೆ ಎಂದು ಮಣ್ಣು ಮುಟ್ಟಿ ಹೇಳಬಲ್ಲವರು ಅವರು. ಜಕ್ಕೂರು ಕೆರೆಗೆ ಹೋಗಿ ಬನ್ನಿ. ದಿನಕ್ಕೆ ಒಂದು ಕೋಟಿ ಲೀಟರ್ ಸಾಮರ್ಥ್ಯದಿಂದ ಆರಂಭವಾದ ಘಟಕದಲ್ಲಿ ಕೊಳಚೆ ನೀರು ಶುದ್ಧವಾಗಿ, ಜೊಂಡು ಬೆಳೆದ ಜೌಗಿನಲ್ಲಿ ಇನ್ನಷ್ಟು ಸೋಸಿ, ಆಮೇಲೆ ಕೆರೆ ಸೇರುತ್ತದೆ. ಅಲ್ಲಿ ವಾಕ್ ಮಾಡುವವರೂ ಇದ್ದಾರೆ, ಮೀನು ಹಿಡಿಯುವವರೂ ಇದ್ದಾರೆ, ಹಕ್ಕಿಗಳೂ ಇವೆ. ಅದು ಪಾರ್ಕೋ, ನೀರಿನ ಕಾರ್ಖಾನೆಯೋ? ಎರಡೂ.

ಗುಂಡುತೋಪು ಮತ್ತು ಒಂದು ಎಚ್ಚರ

ಗೆಳತಿ ಕಳಿಸಿದ ಚಿತ್ರದ ಮೂಲೆಯಲ್ಲಿ ‘ಫುಡ್ ಫಾರೆಸ್ಟ್’ ಎಂದಿತ್ತು, ಯಾರು ಬೇಕಾದರೂ ಹಣ್ಣು ಕಿತ್ತು ತಿನ್ನಬಹುದಾದ ಸಾರ್ವಜನಿಕ ತೋಪು. ಓದಿ ನಗು ಬಂತು. ನಮ್ಮ ಹಳ್ಳಿಗಳ ಗುಂಡುತೋಪು ಇನ್ನೇನು? ಮಾವು, ಹುಣಸೆ, ನೇರಳೆ, ಹಲಸಿನ ಮರಗಳು. ದಾರಿಹೋಕರಿಗೆ ನೆರಳು, ಗಾಡಿ ಬಿಚ್ಚಲು ಜಾಗ, ಜಾತ್ರೆಗೆ ಅಂಗಳ, ಮಕ್ಕಳಿಗೆ ಹಣ್ಣು. ಬೆಂಗಳೂರಿನ ಸುತ್ತಲಿನ ಎಷ್ಟೋ ತೋಪುಗಳು ಬಡಾವಣೆ, ಬಸ್ ನಿಲ್ದಾಣ, ಸರ್ಕಾರಿ ಕಟ್ಟಡಗಳಡಿ ಮಾಯವಾದವು. ತೋಪನ್ನು ಕಡಿದು, ಅದೇ ಜಾಗದ ಪಕ್ಕ ಪಾಮ್ ನೆಟ್ಟು ಪಾರ್ಕ್ ಎಂದು ಬೋರ್ಡ್ ಹಾಕಿದ ಜನ ನಾವು.

ವರ್ಷವಿಡೀ ಒಂದಲ್ಲ ಒಂದು ಮರ ಹೂ ಬಿಡುವಂತೆ ಬೆಂಗಳೂರಿನ ರಸ್ತೆಗಳಿಗೆ ಮರಗಳನ್ನು ಆರಿಸಿದವರು ಲಾಲ್‌ಬಾಗ್‌ನ ಹೊಣೆ ಹೊತ್ತಿದ್ದ ಕ್ರುಂಬಿಗಲ್. ಅಂಥದ್ದೇ ಕ್ಯಾಲೆಂಡರನ್ನು ಹಣ್ಣಿಗೂ ಮಾಡಬಹುದು. ಬೇಸಿಗೆಗೆ ಮಾವು, ಹಲಸು, ಮಳೆ ಹಿಡಿಯುವ ಹೊತ್ತಿಗೆ ನೇರಳೆ, ಅದರ ಬೆನ್ನಿಗೆ ಸೀತಾಫಲ, ಚಳಿಗಾಲಕ್ಕೆ ನೆಲ್ಲಿ. ಕಾಲೇಜು ಹುಡುಗರಿಗೆ ಪಠ್ಯ ಬೇಕಿಲ್ಲ, ಮರಗಳೇ ಋತು ಹೇಳಿಕೊಡುತ್ತವೆ.

ಆದರೆ ಹಳೆಯದನ್ನೆಲ್ಲ ಹೊಗಳುವಾಗ ಒಂದು ಎಚ್ಚರ ಬೇಕು. ನಮ್ಮ ಕೆರೆ, ಬಾವಿ, ಕಟ್ಟೆಗಳು ಎಲ್ಲರಿಗೂ ತೆರೆದಿರಲಿಲ್ಲ. ಕೆರೆಯ ಹೂಳೆತ್ತಿದವರನ್ನೇ ಕೆರೆಯ ನೀರು ಮುಟ್ಟಲು ಬಿಡದ ಊರುಗಳಿದ್ದವು. ಸಾರ್ವಜನಿಕ ಕೆರೆಯ ನೀರು ಕುಡಿಯುವ ಹಕ್ಕಿಗಾಗಿ ಅಂಬೇಡ್ಕರ್ 1927ರಲ್ಲಿ ಮಹಾಡ್‌ನಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. ಹಾಗಾಗಿ ನಮಗೆ ಬೇಕಿರುವುದು ಗುಂಡುತೋಪಿನ ನೆರಳು, ಅದರ ಸುತ್ತಲಿನ ಕಟ್ಟುಪಾಡುಗಳಲ್ಲ. ‘ಪಂಕ್’ ಎಂಬ ಆ ಎರಡನೇ ತುಂಡು ಇಲ್ಲಿ ಕೆಲಸಕ್ಕೆ ಬರುತ್ತದೆ. ‘ಸಾರ್ವಜನಿಕ’ ಎನ್ನುವಾಗ ಯಾರನ್ನು ಬಿಟ್ಟು ಹೇಳುತ್ತಿದ್ದೇವೆ ಎಂದು ಅದು ಕೇಳುತ್ತದೆ.

ಈ ಪ್ರಶ್ನೆಗೆ ನಮ್ಮ ಬೆಂಗಳೂರಿನಿಂದಲೇ ಹೋದ ಒಂದು ಮೊಕದ್ದಮೆಯಿದೆ. ಪರೀಕ್ಷೆಗೆ ಓದುವವರಿಗೆ ನೆನಪಿಟ್ಟುಕೊಳ್ಳಲೂ ಉಪಯೋಗ. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ, 1991. ಪಾರ್ಕಿಗೆಂದು ಮೀಸಲಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟದ್ದು ಸರಿಯಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಬಡಾವಣೆಯ ನಿವಾಸಿಗಳಿಗಿದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಪಾರ್ಕ್ ಉಳಿಸಿಕೊಳ್ಳುವ ಹಕ್ಕಿದೆ ಎಂದ ಮೇಲೆ ಪಾರ್ಕಿನೊಳಗೆ ಕೂರುವ ಹಕ್ಕೂ ಇರಬೇಕಲ್ಲ? 2024ರಲ್ಲಿ ಬೆಂಗಳೂರಿನ ಪಾಲಿಕೆ ಪಾರ್ಕುಗಳನ್ನು ಬೆಳಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕು ಎಂದು ಸರ್ಕಾರ ಹೇಳಿತು. ಒಳ್ಳೆಯ ತೀರ್ಮಾನ. ಆದರೆ ಆದೇಶ ಬರುವುದು ಕಾಗದದ ಮೇಲೆ, ಬೀಗ ಇರುವುದು ಗೇಟಿನ ಮೇಲೆ.

‘ಅದೆಲ್ಲ ಆಗಲ್ಲಮ್ಮ’ ಎನ್ನುವವರಿಗೆ

ಇದನ್ನೆಲ್ಲ ಪಾರ್ಕಿನ ಹಿರಿಯರ ಮುಂದೆ ಹೇಳಿದಾಗ ಬಂದ ಉತ್ತರಗಳು ನನ್ನ ಡೈರಿಯಲ್ಲಿವೆ. ಕೆಲವು ನಿಜಕ್ಕೂ ಯೋಚಿಸಬೇಕಾದವು.

‘ನೀರು ನಿಲ್ಲಿಸಿದರೆ ಸೊಳ್ಳೆ, ಡೆಂಗಿ.’ ನ್ಯಾಯವಾದ ಭಯ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯಲು ಒಂದು ವಾರವಾದರೂ ಬೇಕು. ಹಾಗಾಗಿ ತಗ್ಗಿನ ನೀರು ಎರಡು ದಿನದೊಳಗೆ ಇಂಗುವಂತೆ ಮರಳು, ಜಲ್ಲಿಯ ಪದರ ಹಾಕಬೇಕು. ಇಂಗದ ಕಡೆ ಕೊಳ ಮಾಡಿ ಮೀನು ಬಿಡಬೇಕು. ಪಾರ್ಕಿನಲ್ಲಿ ಬಿಸಾಡಿದ ತೆಂಗಿನ ಚಿಪ್ಪು, ಪ್ಲಾಸ್ಟಿಕ್ ಕಪ್ಪುಗಳಲ್ಲಿ ಸೊಳ್ಳೆ ಇವತ್ತೂ ಬೆಳೆಯುತ್ತಿದೆ. ಅದರ ಮೇಲೂ ಇಷ್ಟೇ ಸಿಟ್ಟು ಬರಲಿ.

‘ಹಣ್ಣಿನ ಮರ ಹಾಕಿದರೆ ಹುಡುಗರು ಕಲ್ಲು ಹೊಡೀತಾರೆ.’ ಹೊಡೆಯುತ್ತಾರೆ. ನಡೆಯುವ ದಾರಿಯಿಂದ ದೂರ ನೆಡೋಣ. ಕಲ್ಲು ಬೀಳುವ ಭಯಕ್ಕೆ ಹಣ್ಣಿನ ಮರವೇ ಬೇಡ ಎನ್ನುವುದು ನೆಗಡಿಗೆ ಹೆದರಿ ಮೂಗು ಕೊಯ್ದುಕೊಂಡಂತೆ.

‘ಹಗಲೆಲ್ಲ ತೆರೆದಿಟ್ಟರೆ ಪುಂಡರು ಬಂದು ಸೇರ್ತಾರೆ, ಹೆಣ್ಣುಮಕ್ಕಳಿಗೆ ಸೇಫಲ್ಲ.’ ನಮ್ಮ ಹೆಸರಿನಲ್ಲಿ ಹಾಕುವ ಬೀಗ ಇದು. ಹೆಣ್ಣುಮಗಳಾಗಿ ಹೇಳುತ್ತೇನೆ, ನನಗೆ ಭಯವಾಗುವುದು ಜನ ಇರುವ ಪಾರ್ಕಿನಲ್ಲಲ್ಲ, ಜನರೇ ಇಲ್ಲದ ಪಾರ್ಕಿನ ಪಕ್ಕದ ರಸ್ತೆಯಲ್ಲಿ. ಮೂಲೆಯಲ್ಲಿ ಎಳನೀರಿನವರು ಇದ್ದರೆ, ಮಕ್ಕಳನ್ನು ಆಡಿಸುವ ಅಜ್ಜಿಯರು ಇದ್ದರೆ, ಕೆಟ್ಟುಹೋಗದ ದೀಪವಿದ್ದರೆ, ಬಳಸುವಂಥ ಶೌಚಾಲಯವಿದ್ದರೆ ಅದೇ ನಮಗೆ ಕಾವಲು. ಸೌರಫಲಕವನ್ನು ಮರದ ಪಕ್ಕದ ಕಂಬಕ್ಕೆ ಹಾಕಬೇಡಿ. ಪಂಪ್‌ಹೌಸಿನ, ಶೌಚಾಲಯದ ತಾರಸಿಗೆ ಹಾಕಿ. ಬಿಸಿಲು ಬೀಳುವ ಜಾಗದಲ್ಲಿ ಫಲಕಗಳನ್ನೇ ಸೂರು ಮಾಡಿ ಕೆಳಗೆ ಉದ್ದನೆಯ ಮೇಜು, ಬೆಂಚು, ಒಂದು ದೀಪ, ನಾಲ್ಕು ಚಾರ್ಜಿಂಗ್ ಪಾಯಿಂಟ್ ಇಡಿ. ತಿಂಗಳಿಗೆ ಸಾವಿರಾರು ರೂಪಾಯಿ ಕೊಟ್ಟು ರೀಡಿಂಗ್ ರೂಮಿನ ಕುರ್ಚಿ ಬಾಡಿಗೆಗೆ ಹಿಡಿಯುವ ಎಷ್ಟು ಹುಡುಗ ಹುಡುಗಿಯರು ಅಲ್ಲಿ ಓದಬಹುದು, ಲೆಕ್ಕ ಹಾಕಿ. ಸೋಲಾರ್ ಎಂಬ ಪದಕ್ಕೆ ಆಗ ಅರ್ಥ ಬರುತ್ತದೆ.

‘ಮಾಡೋರ‍್ಯಾರು?’ ಇದು ಕೊನೆಯ ಪ್ರಶ್ನೆ, ನನಗೆ ಅತಿ ಮುಖ್ಯವಾದ ಪ್ರಶ್ನೆಯೂ ಹೌದು.

ಕೆಲಸ ಇದೆ, ಹುದ್ದೆ ಇಲ್ಲ

ಹುಲಿಕಲ್–ಕುದೂರು ರಸ್ತೆಯ ಆಲದ ಮರಗಳ ಬಗ್ಗೆ ಮಾತಾಡುವಾಗ ಸಾಲುಮರದ ತಿಮ್ಮಕ್ಕ ಸಸಿ ನೆಟ್ಟರು ಎನ್ನುತ್ತೇವೆ. ಗಂಡ ಹೆಂಡತಿ ಬಿಂದಿಗೆಯಲ್ಲಿ ನೀರು ಹೊತ್ತು ಅವನ್ನು ಉಳಿಸಿಕೊಂಡರು ಎಂಬುದನ್ನು ಮೆಲ್ಲಗೆ ಹೇಳುತ್ತೇವೆ. ನೆಡುವುದು ಒಂದು ದಿನದ ಫೋಟೊ, ಉಳಿಸುವುದು ವರ್ಷಗಳ ದುಡಿಮೆ. ಆ ದುಡಿಮೆಯನ್ನು ಸ್ವಯಂಸೇವೆ ಎಂದು ಕರೆದು ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಭಾನುವಾರ ಬೆಳಗ್ಗೆ ಬಂದು ಗಿಡಕ್ಕೆ ನೀರು ಹಾಕಲು ಮನಸ್ಸಿದ್ದರೆ ಸಾಲದು, ಸೋಮವಾರದ ಊಟ ಗಟ್ಟಿ ಇರಬೇಕು.

ನಾನು ಹೇಳಿದ ಪಾರ್ಕಿನಲ್ಲಿ ಎಷ್ಟು ಕೆಲಸಗಳಿವೆ ನೋಡಿ. ಇಂಗುಬಾವಿಯ ಹೂಳೆತ್ತಬೇಕು. ಎಲೆಗೊಬ್ಬರ ಮಾಡಬೇಕು. ಜೊಂಡು ಕತ್ತರಿಸಬೇಕು. ಸೌರಫಲಕ ಒರೆಸಿ, ಬ್ಯಾಟರಿ ನೋಡಿಕೊಳ್ಳಬೇಕು. ಮರಗಳ ಪಟ್ಟಿ ಮಾಡಿ ಆರೋಗ್ಯ ದಾಖಲಿಸಬೇಕು, ಸಸಿ ಬೆಳೆಸಬೇಕು, ಶಾಲಾ ಮಕ್ಕಳಿಗೆ ತೋರಿಸಬೇಕು. ಐ.ಟಿ.ಐ. ಓದಿದವರಿಗೆ, ಸಿವಿಲ್ ಡಿಪ್ಲೊಮಾದವರಿಗೆ, ಸಸ್ಯಶಾಸ್ತ್ರದವರಿಗೆ, ಅಕ್ಷರವೇ ಕಲಿಯದ ಬಾವಿ ತೋಡುವವರಿಗೆ, ಎಲ್ಲರಿಗೂ ಜಾಗವಿದೆ. ಕೇರಳ 2010ರಲ್ಲೇ ಅಯ್ಯನ್‌ಕಾಳಿ ಹೆಸರಿನಲ್ಲಿ ನಗರ ಉದ್ಯೋಗ ಖಾತರಿ ಯೋಜನೆ ಆರಂಭಿಸಿತು. ರಾಜಸ್ಥಾನ 2022ರಲ್ಲಿ ಅಂಥದ್ದನ್ನು ತಂದಿತು. ಕರ್ನಾಟಕದ ನಗರಗಳಿಗೂ ಅಂಥ ಯೋಜನೆ ಬಂದು, ಅದರ ಮೊದಲ ಅಂಗಳ ಪಾರ್ಕುಗಳೇ ಆಗಲಿ ಎಂಬುದು ನನ್ನ ಬೇಡಿಕೆ. ಕೆಲಸವಿಲ್ಲದ ಯುವಜನ ಒಂದು ಕಡೆ, ಕೆಲಸವಿಲ್ಲದ ಪಾರ್ಕುಗಳು ಇನ್ನೊಂದು ಕಡೆ. ನಡುವೆ ಇರುವುದು ಒಂದು ಗೇಟು.

ಎಲೆಯಿಂದ ಶುರು ಮಾಡಿದೆವು

ನಮ್ಮ ಪಾರ್ಕಿನ ಮಾಲಿ ತಾತ ದಿನವೂ ಎಲೆ ಗುಡಿಸಿ ಮೂಟೆ ಕಟ್ಟಿ ಗೇಟಿನ ಹೊರಗೆ ಇಡುತ್ತಿದ್ದರು. ಕಸದ ಗಾಡಿ ಬಾರದ ದಿನ ಯಾರೋ ಅದಕ್ಕೆ ಬೆಂಕಿ ಹಚ್ಚುತ್ತಿದ್ದರು. ಅದೇ ವಾರ ಒಳಗೆ ಗಿಡಗಳಿಗೆಂದು ಗೊಬ್ಬರದ ಚೀಲ ಬಂದು ಇಳಿಯುತ್ತಿತ್ತು. ಎಚ್‌ಎಸ್‌ಆರ್ ಬಡಾವಣೆಯಲ್ಲಿ ಗೊಬ್ಬರ ಮಾಡುವುದನ್ನು ಕಲಿಸುವ ಸ್ವಚ್ಛಾಗ್ರಹ ಕಲಿಕಾ ಕೇಂದ್ರವಿದೆ ಎಂದು ಓದಿದ್ದೆ. ನಾವು ಐದು ಜನ ತಲಾ ಇನ್ನೂರು ರೂಪಾಯಿ ಹಾಕಿ ತಂತಿಜಾಲರಿ ತಂದು, ಆಳೆತ್ತರದ ಒಂದು ಗೂಡು ಮಾಡಿಕೊಟ್ಟೆವು. ‘ಒಳ್ಳೇದಾಯ್ತು ಕಣವ್ವ, ಮೂಟೆ ಹೊರೋದು ತಪ್ತು’ ಎಂದರು ತಾತ. ನಾಲ್ಕು ತಿಂಗಳಾದ ಮೇಲೆ ತಳದಲ್ಲಿ ಕಪ್ಪಗೆ, ಮಳೆ ಬಿದ್ದ ಹೊಲದ ವಾಸನೆಯ ಗೊಬ್ಬರ ಸಿಕ್ಕಿತು. ತಾತ ಅದನ್ನು ಮೊದಲು ಹಾಕಿದ್ದು ಲಾನ್‌ಗಲ್ಲ, ಮೂಲೆಯ ನೇರಳೆ ಸಸಿಗೆ.

ನೀವೂ ನಿಮ್ಮ ಏರಿಯಾದ ಪಾರ್ಕಿಗೆ ಹೋಗಿ ನಾಲ್ಕು ವಿಷಯ ನೋಡಿಕೊಂಡು ಬನ್ನಿ. ಮಳೆ ನೀರು ಎಲ್ಲಿಗೆ ಹೋಗುತ್ತದೆ? ಎಲೆ ಎಲ್ಲಿಗೆ ಹೋಗುತ್ತದೆ? ಮಧ್ಯಾಹ್ನ ಎರಡು ಗಂಟೆಗೆ ಗೇಟು ತೆರೆದಿರುತ್ತದೆಯೇ? ಅಲ್ಲಿ ದುಡಿಯುವವರಿಗೆ ಸಂಬಳ ಸರಿಯಾಗಿ ಬರುತ್ತದೆಯೇ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದು ವಾರ್ಡ್ ಕಚೇರಿಗೆ ಕೊಡಿ. ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ. ನಾವೂ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಗೇಟಿಗೆ ಹತ್ತು ಗಂಟೆಗೆ ಬೀಗ ಬೀಳುವುದು ನಿಂತಿಲ್ಲ.

ನಾನು ಓದುತ್ತಿರುವುದು ಇದೇ ಇಲಾಖೆಯ ಕೆಲಸಕ್ಕೆ. ಪಾಸಾದರೆ ಮುಂದೊಂದು ದಿನ ಯಾವುದೋ ಊರಿನ ಪಾರ್ಕಿನ ಬೀಗದ ಕೈ ನನ್ನ ಟೇಬಲ್ ಮೇಲೂ ಬರಬಹುದು. ಲಾನ್ ಹಾಸುವ ಬಿಲ್ಲಿಗೆ ಸಹಿ ಕೇಳಿ ಯಾರಾದರೂ ಎದುರು ನಿಲ್ಲಬಹುದು. ಆಗ ನಾನೂ ‘ಅದೆಲ್ಲ ಆಗಲ್ಲಮ್ಮ’ ಎಂದು ಯಾವ ಹುಡುಗಿಗಾದರೂ ಹೇಳಿದರೆ, ದಯವಿಟ್ಟು ಈ ಪುಟವನ್ನು ಕತ್ತರಿಸಿ ತಂದು ನನ್ನ ಮುಂದಿಡಿ.